ಬಂದಿದ್ದಕ್ಕೆ ಗುರುತು

ಹೂವಮ್ಮ ಮಗಳನ್ನು ಶಾಲೆ ಬಿಡಿಸಿದ್ದು ಜನವರಿ ಹದಿನೆಂಟರ ಶನಿವಾರ. ಕಾಗದದಲ್ಲಿ ಹಾಗಿದೆ. ಹೂವಮ್ಮನಿಗೆ ಅದು ಗೊತ್ತಾಗಿದ್ದು ಹನ್ನೆರಡು ದಿನ ಬಿಟ್ಟು.

ಆ ಶನಿವಾರ ಮಾವಿನಕೂಡಿಗೆ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಯ ಪೋಷಕರ ಸಭೆ ಇತ್ತು. ಎಸ್ಟೇಟಿನಲ್ಲಿ ರೊಬಸ್ಟಾ ಕಾಫಿ ಕೊಯ್ಲು ಜೋರು. ಮೇಸ್ತ್ರಿಗೆ ಎರಡು ದಿನದಿಂದ ಗೋಗರೆದು, ಸೊಂಟದ ಬುಟ್ಟಿ ಬಿಚ್ಚಿಟ್ಟು, ನಾಲ್ಕು ಕಿಲೋಮೀಟರ್ ನಡೆದು ಬಂದಿದ್ದಳು. ಕತ್ತಿನ ಹಿಂದೆ ಚಗಳಿ ಇರುವೆ ಕಚ್ಚಿದ ದದ್ದು ಉರಿಯುತ್ತಿತ್ತು. ಬೆರಳಿಗೆ ಕಾಫಿ ಹಣ್ಣಿನ ಅಂಟು. ದಾರಿಯ ಹಳ್ಳದಲ್ಲಿ ಮರಳು ಹಾಕಿ ಉಜ್ಜಿದರೂ ಹೋಗಿರಲಿಲ್ಲ. ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಬಾಗಿಲ ಹತ್ತಿರ ನಿಂತಳು. ಬೆಂಚಿನಲ್ಲಿ ಜಾಗವಿತ್ತು. ಕೂರು ಎಂದು ಯಾರೂ ಹೇಳಲಿಲ್ಲ, ಅವಳೂ ಕೂರಲಿಲ್ಲ.

ಸಭೆ ಮುಗಿದ ಮೇಲೆ ಹೆಡ್‌ಮಾಸ್ಟರು ಉಮಾಮಹೇಶ್ವರ ಅವಳನ್ನು ನಿಲ್ಲಲು ಹೇಳಿದರು. ಅವರದು ಮೆತ್ತಗಿನ ದನಿ. ಯಾರನ್ನೂ ಏಕವಚನದಲ್ಲಿ ಕರೆದವರಲ್ಲ.

"ಹೂವಮ್ಮ, ನೀವೊಂದು ನಿಮಿಷ ಇರಿ."

ಕ್ಲಾಸ್ ಟೀಚರ್ ಸೌಮ್ಯ ಒಂದು ಕಾಗದ ತಂದರು. ಜೊತೆಗೆ ನೀಲಿ ಶಾಯಿಯ ಪ್ಯಾಡು. ಎರಡನ್ನೂ ಮೇಜಿನ ಮೇಲೆ ಇಡಲಿಲ್ಲ, ಹೊರಗಿನ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು.

"ಇಲ್ಲೊಂದು ಒತ್ತಿ."

ಹೂವಮ್ಮ ಎಡಗೈ ಹೆಬ್ಬೆರಳನ್ನು ಸೀರೆಗೆ ಉಜ್ಜಿ ಒತ್ತಿದಳು.

ಇದನ್ನು ದಡ್ಡತನ ಎನ್ನುವವರು ಎಸ್ಟೇಟಿನ ಚೆಕ್‌ರೋಲ್ ನೋಡಿದವರಲ್ಲ. ಹಾಜರಿ ಪುಸ್ತಕಕ್ಕೆ ಅಲ್ಲಿ ಚೆಕ್‌ರೋಲ್ ಎನ್ನುತ್ತಾರೆ. ಅದನ್ನು ಬರೆಯುವ ರೈಟರು ನಂಬರು ಕರೆಯುತ್ತಾನೆ, ಆಳು ಬಂದು ಬೆರಳು ಒತ್ತುತ್ತದೆ. ಅದು ಬಂದಿದ್ದಕ್ಕೆ ಗುರುತು. ಒತ್ತದಿದ್ದರೆ ಬಂದಿಲ್ಲ. ಬಂದಿಲ್ಲ ಎಂದರೆ ಆ ದಿನ ಹೊತ್ತ ಮೂಟೆ, ಹತ್ತಿದ ಗುಡ್ಡ, ಬಗ್ಗಿದ ಸೊಂಟ ಎಲ್ಲ ಸುಳ್ಳು. ಪುಸ್ತಕದಲ್ಲಿ ಏನು ಬರೆದಿದೆ ಎಂದು ಕೇಳಿದ ಆಳನ್ನು ಹೂವಮ್ಮ ತನ್ನ ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಕಂಡಿಲ್ಲ. ಪ್ಯಾಡು ಮುಂದೆ ಬಂದರೆ ಬೆರಳು ತಾನಾಗಿ ಹೋಗುತ್ತದೆ.

ಅವತ್ತು ಶಾಲೆಯಿಂದ ವಾಪಸು ನಡೆಯುವಾಗ ಅವಳಿಗೆ ಒಂದು ಬಗೆಯ ಸಮಾಧಾನವೂ ಆಗಿತ್ತು. ಬೇರೆ ಯಾರ ಹತ್ತಿರವೂ ಒತ್ತಿಸಿಕೊಂಡಿರಲಿಲ್ಲ. ಎಸ್ಟೇಟಿನ ಆಳುಗಳ ಲೈನ್ ಮನೆಯಿಂದ ಬಂದವಳೆಂದು ಬಿಡಲಿಲ್ಲ, ತಾನೂ ಬಂದಿದ್ದೆನೆಂದು ಬರೆದುಕೊಂಡರು ಎಂದು ಮನೆಯಲ್ಲಿ ಗಂಡನಿಗೆ ಹೇಳಿದಳು. ಕೆಂಚಯ್ಯ ಐದು ವರ್ಷದ ಹಿಂದೆ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡವನು. ಲೈನ್ ಮನೆಯ ಮುಂದೆ ಕೂತು ಬುಟ್ಟಿ ಹೆಣೆಯುತ್ತಾನೆ. ಅವನು ತಲೆಯೆತ್ತದೆ "ಒಳ್ಳೇದಾಯ್ತು" ಅಂದಿದ್ದ.

ಮಗಳ ಹೆಸರು ಸಿಂಚನ. ವಯಸ್ಸು ಹದಿನಾಲ್ಕು. ಒಂಬತ್ತನೇ ತರಗತಿ, ಹಾಜರಿ ನಂಬರು ಹದಿನೆಂಟು.

ಸಿಂಚನಳಿಗೆ ಓದಲು ಬರುವುದಿಲ್ಲ. ಒಂದು ಸಾಲು ಓದುವಷ್ಟರಲ್ಲಿ ಬೆವರುತ್ತಾಳೆ. ನಿನ್ನೆ ಓದಿದ ಪದ ಇವತ್ತು ಹೊಸದು. ಬರೆಯಲು ಕೂತರೆ ಒತ್ತಕ್ಷರ ಒಂದು ಕಡೆ, ಅದರ ಅಕ್ಷರ ಇನ್ನೊಂದು ಕಡೆ. ಆದರೆ ಒಮ್ಮೆ ಕಿವಿಗೆ ಬಿದ್ದದ್ದು ಅವಳ ತಲೆಯಿಂದ ಹೋಗುವುದಿಲ್ಲ. ವಿಜ್ಞಾನದ ಪಾಠವನ್ನು ಮೇಡಂ ಹೇಳಿದ ಹಾಗೆಯೇ, ನಡುವಿನ ಕೆಮ್ಮನ್ನೂ ಬಿಡದೆ ಹೇಳಬಲ್ಲಳು. ಲೈನಿನಲ್ಲಿ ಅವಳ ಅಣಕ ಕೇಳಲು ಹೆಂಗಸರು ಸೇರುತ್ತಾರೆ. ಮೇಸ್ತ್ರಿ ಬೈಯುವುದು, ರೈಟರು ಕಲ್ಲೇಶ್ ಫೋನಿನಲ್ಲಿ ಧಣಿಯವರ ಹತ್ತಿರ ಮಾತಾಡುವುದು, ಬಸ್ಸಿನ ಕಂಡಕ್ಟರ್ ಕೂಗುವುದು ಎಲ್ಲ ಅವಳ ಬಾಯಲ್ಲಿ ಇವೆ.

ಇದನ್ನು ಶಾಲೆ ಒಂಬತ್ತು ವರ್ಷದಲ್ಲಿ ಗುರುತಿಸಲಿಲ್ಲ. ಗುರುತಿಸಿದ್ದು ಬೇರೆ. ಎಂಟನೇ ತರಗತಿಯಲ್ಲಿ ಒಂದು ದಿನ ಅವಳನ್ನು ನಿಲ್ಲಿಸಿ ಒಂದು ಪ್ಯಾರಾ ಓದಿಸಿದರು. ಒಂದು ಪೀರಿಯಡ್ ಪೂರ್ತಿ ಹಿಡಿಯಿತು. ಮೊದಲು ಹುಡುಗರು ನಕ್ಕರು, ಆಮೇಲೆ ಹುಡುಗಿಯರು, ಕೊನೆಗೆ ಟೀಚರ್. ಅಂದಿನಿಂದ ಅವಳು ಹಿಂದಿನ ಬೆಂಚು. ಬಿಸಿಯೂಟದ ಪಾತ್ರೆ ತೊಳೆಯಲು ಅವಳು. ಅಂಗಳ ಗುಡಿಸಲು ಅವಳು. ಮೇಲಧಿಕಾರಿಗಳು ಬರುವ ದಿನ ಮನೆಯಲ್ಲೇ ಇರಬೇಕಾದವಳೂ ಅವಳೇ. ಆ ದಿನಗಳಲ್ಲಿ ಸಿಂಚನ ಬೆಳಗ್ಗೆ ಎದ್ದು ಯೂನಿಫಾರಂ ಹಾಕಿ, ಆಮೇಲೆ ನೆನಪಾಗಿ ಬಿಚ್ಚುತ್ತಿದ್ದಳು.

ರೇವತಿ ಮೇಡಂ ಬಂದಿದ್ದು ನವೆಂಬರಿನಲ್ಲಿ. ಅವರು ವಿಶೇಷ ಶಿಕ್ಷಕಿ. ಗುತ್ತಿಗೆ ಕೆಲಸ, ಪ್ರತಿ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ, ಹೊಸ ಆದೇಶ ಬಂದರೆ ಮತ್ತೆ ಶುರು. ಅವರ ಪಾಲಿಗೆ ನೂರಾ ಹನ್ನೆರಡು ಶಾಲೆ, ಒಂದು ಹಳೇ ಸ್ಕೂಟಿ. ಸಿಂಚನಳನ್ನು ಎರಡು ದಿನ ಕೂರಿಸಿಕೊಂಡು ನೋಡಿದರು. ಮೂರನೇ ದಿನ ಲೈನಿಗೇ ಬಂದು ಹೂವಮ್ಮ ಕೊಯ್ಲಿನಿಂದ ಬರುವವರೆಗೆ ಕಾದರು.

"ನಿಮ್ಮ ಮಗಳು ದಡ್ಡಿ ಅಲ್ಲ. ಕಣ್ಣು, ಕಿವಿ, ಬುದ್ಧಿ ಎಲ್ಲ ಸರಿ ಇದೆ. ಅಕ್ಷರ ಮಾತ್ರ ಅವಳಿಗೆ ಹಿಡಿತಕ್ಕೆ ಸಿಗಲ್ಲ. ಇದಕ್ಕೆ ಕಲಿಕಾ ನ್ಯೂನತೆ ಅಂತಾರೆ. ಎಷ್ಟೋ ಮಕ್ಕಳಿಗೆ ಇರುತ್ತೆ."

"ಮದ್ದು ಇದ್ಯಾ ಮೇಡಂ?"

"ಮದ್ದು ಬೇಡ. ಹತ್ತನೇ ಪರೀಕ್ಷೇಲಿ ಪ್ರಶ್ನೆ ಓದಿ ಹೇಳಕ್ಕೆ, ಇವಳು ಹೇಳಿದ್ದನ್ನ ಬರೆಯಕ್ಕೆ ಒಬ್ರನ್ನ ಕೊಡ್ತಾರೆ. ಹೆಚ್ಚು ಟೈಮೂ ಕೊಡ್ತಾರೆ. ಡಾಕ್ಟರ ಸರ್ಟಿಫಿಕೇಟ್ ಒಂದು ಬೇಕು. ಅದನ್ನ ಮಾಡ್ಸೋಣ."

"ಹಂಗಾದ್ರೆ ಪಾಸಾಗ್ತಾಳಾ?"

"ಆಗ್ತಾಳೆ."

ಹೂವಮ್ಮ ಬುಟ್ಟಿ ಕೆಳಗಿಟ್ಟಳು. ಹದಿನಾಲ್ಕು ವರ್ಷದಲ್ಲಿ ಮಗಳ ಬಗ್ಗೆ ಯಾರೂ ಹಾಗೆ ಒಂದೇ ಮಾತಿನಲ್ಲಿ ಹೇಳಿರಲಿಲ್ಲ.

ಜನವರಿ ಮೂವತ್ತರಂದು ಸಿಂಚನ ಮಧ್ಯಾಹ್ನವೇ ಎಸ್ಟೇಟಿಗೆ ಬಂದಳು. ತಾಯಿ ಕೊಯ್ಯುತ್ತಿದ್ದ ಗಿಡದ ಕೆಳಗೆ ಚೀಲ ಇಟ್ಟು ನಿಂತಳು. ಏನಾಯಿತೆಂದು ಕೇಳಿದ್ದಕ್ಕೆ ಸೌಮ್ಯ ಟೀಚರ ದನಿಯಲ್ಲೇ ಹೇಳಿದಳು.

"ನಿಮ್ಮಮ್ಮ ನಿನ್ನ ಬಿಡಿಸ್ಕೊಂಡು ಹೋಗಿದಾರಲ್ಲಮ್ಮ. ನಿನಗೆ ಹೇಳಿಲ್ವಾ? ಟಿ.ಸಿ. ರೆಡಿ ಆಗಿದೆ."

ಅಮ್ಮ ಯಾಕೆ ಬಿಡಿಸಿದಳು ಎಂದು ಅವಳು ಕೇಳಲಿಲ್ಲ. ಕೊಕ್ಕೆ ತೆಗೆದುಕೊಂಡು ಕೊಂಬೆ ಬಗ್ಗಿಸಿ ಹಣ್ಣು ಬಿಡಿಸತೊಡಗಿದಳು. ಅದನ್ನು ಕಂಡು ಹೂವಮ್ಮನ ಕೈ ನಿಂತಿತು. ಮಗಳು ಅದನ್ನು ನಂಬಿದ್ದಳು.

ರೇವತಿ ಮೇಡಂ ಮಾರನೇ ದಿನ ಬಂದರು. ಎಲ್ಲಿ ಒತ್ತಿದಿರಿ, ಯಾವಾಗ, ಯಾರು ಕೊಟ್ಟರು, ಕಾಗದ ಎಷ್ಟು ದೊಡ್ಡದಿತ್ತು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಬರೆದಾದ ಮೇಲೆ ಪುಸ್ತಕ ಮಡಚಿದರು.

"ತಪ್ಪು ನಂದೂ ಇದೆ ಹೂವಮ್ಮ. ಓದಿಸಿ ಕೇಳದೆ ಬೆರಳು ಕೊಡಬೇಡಿ ಅಂತ ನಾನು ಮೊದಲೇ ಹೇಳಬೇಕಿತ್ತು."

"ನಾನು ಬಂದಿದ್ದಕ್ಕೆ ಒತ್ತಿದ್ದು ಮೇಡಂ."

"ಗೊತ್ತು."

ಮೇಡಂ ಅವರಿಗೆ ಒಂದು ಕ್ರಮವಿತ್ತು. ಹಿಂದೆ ಮೂರು ತಾಯಂದಿರಿಗೆ ಹೀಗೆ ಕಲಿಸಿದ್ದರಂತೆ. ದೊಡ್ಡವರ ಎದುರು ಮಾತಾಡುವುದಕ್ಕೂ ಅಭ್ಯಾಸ ಬೇಕು ಎನ್ನುತ್ತಿದ್ದರು. ಮೂರು ಭಾನುವಾರ ಲೈನ್ ಮನೆಯ ಮುಂದೆ ಅಭ್ಯಾಸ ನಡೆಯಿತು. ಹೂವಮ್ಮ ಹೂವಮ್ಮನೇ. ಹೆಡ್‌ಮಾಸ್ಟರು ಸಿಂಚನ.

ಸಿಂಚನ ಅಪ್ಪನ ಟವೆಲನ್ನು ಶಾಲಿನಂತೆ ಹೊದ್ದು, ಮೂಗಿನ ತುದಿಗೆ ಇಲ್ಲದ ಕನ್ನಡಕ ಇಳಿಸಿದಳು. "ನೋಡಿ ಹೂವಮ್ಮ. ನಾವೂ ಮನುಷ್ಯರೇ. ನಮಗೂ ಹೆಣ್ಣುಮಕ್ಕಳಿದ್ದಾರೆ."

ಲೈನಿನ ಹೆಂಗಸರು ಬಿದ್ದು ಬಿದ್ದು ನಕ್ಕರು. ಕೆಂಚಯ್ಯನೂ ನಕ್ಕ. ಹೂವಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ನಗಬೇಡಿ" ಅಂದರು ಮೇಡಂ. "ಉತ್ತರ ಕೊಡಿ. ನಿಂತೇ ಮಾತಾಡ್ತಿದೀರಿ. ಮೊದ್ಲು ಏನು?"

"ಕೂತ್ಕೋಬೇಕು."

"ಆಮೇಲೆ?"

"ಕಾಗದ ಓದಿ ಹೇಳಿ ಅನ್ನಬೇಕು."

"ಆಮೇಲೆ?"

"ಬಾಯಿಮಾತು ಬೇಡ, ಬರೆದು ಕೊಡಿ ಅನ್ನಬೇಕು."

"ಕಾನೂನು?"

"ಎರಡು ಸಾವಿರದ ಹದಿನಾರು, ವಿಕಲಚೇತನರ ಹಕ್ಕುಗಳ ಕಾಯ್ದೆ, ಹದಿನಾರನೇ ಕಲಂ. ಇಂಥಾ ಮಕ್ಕಳನ್ನ ಗುರುತಿಸೋದು, ಅವರಿಗೆ ತಕ್ಕಂಗೆ ಕಲಿಸೋದು ಶಾಲೆ ಕೆಲಸ."

ಅದನ್ನು ಬಾಯಿಪಾಠ ಮಾಡಿಸಿದ್ದು ಸಿಂಚನ. ಬೆಳಗ್ಗೆ ಗುಡ್ಡ ಹತ್ತುವಾಗ ತಾಯಿ ಒಂದು ಪದ ತಪ್ಪಿದರೆ ಮಗಳು ತಿದ್ದುತ್ತಿದ್ದಳು.

ಫೆಬ್ರವರಿಯಲ್ಲಿ ಸಿಂಚನ ಶಾಲೆಗೆ ಹೋಗುತ್ತಲೇ ಇದ್ದಳು. ಹಾಗೆ ಮಾಡಲು ಹೇಳಿದ್ದು ಮೇಡಂ. "ಹಾಜರಿ ಕೊಡದಿದ್ರೂ ಹೋಗಲಿ. ಬಿಟ್ಟಿಲ್ಲ ಅನ್ನೋದು ಕಾಣಲಿ." ಒಳಗೆ ಬಿಡಲಿಲ್ಲ. ಜಗಲಿಯಲ್ಲಿ ಕಿಟಕಿಯ ಕೆಳಗೆ ಕೂತು ಪಾಠ ಕೇಳಿದಳು. ಹಾಜರಿ ಕರೆಯುವಾಗ ಸೌಮ್ಯ ಟೀಚರ್ "ಹದಿನೇಳು" ಎಂದು, ಆಮೇಲೆ "ಹತ್ತೊಂಬತ್ತು" ಎನ್ನುತ್ತಿದ್ದರು. ನಡುವೆ ಹೊರಗಿನಿಂದ ಸಿಂಚನ "ಹಾಜರ್ ಮಿಸ್" ಎನ್ನುತ್ತಿದ್ದಳು. ಮೊದಲ ದಿನ ತರಗತಿ ನಕ್ಕಿತು. ಎರಡನೇ ದಿನ ನಗಲಿಲ್ಲ. ಮೂರನೇ ದಿನದಿಂದ ಸೌಮ್ಯ ಟೀಚರ್ ಹದಿನೇಳಾದ ಮೇಲೆ ಒಂದು ಉಸಿರು ನಿಲ್ಲಿಸಿ, ಹೊರಗಿನ ಮಾತು ಮುಗಿದ ಮೇಲೆ ಹತ್ತೊಂಬತ್ತು ಎನ್ನತೊಡಗಿದರು. ಅವರಿಂದ ಅಷ್ಟಾಯಿತು. ಹತ್ತನೇ ದಿನ ಉಳಿದ ಮಕ್ಕಳು ಒಳಗೆ ಹೋದ ಮೇಲೆ ಅವಳ ಮುಂದೆ ಗೇಟಿಗೆ ಬೀಗ ಬಿತ್ತು.

ಹೆಡ್‌ಮಾಸ್ಟರ ಕೋಣೆಗೆ ಹೂವಮ್ಮ ಹೋದದ್ದು ಫೆಬ್ರವರಿ ಕೊನೆಯ ಸೋಮವಾರ. ಜೊತೆಗೆ ರೇವತಿ ಮೇಡಂ. ಗೇಟಿನ ಮೇಲೆ ಬ್ಯಾನರು ಇತ್ತು. ಏನು ಬರೆದಿದೆ ಎಂದು ಹೂವಮ್ಮ ಕೇಳಿದಳು. ಮೇಡಂ ಓದಿದರು: "ಸತತ ಆರನೇ ವರ್ಷ ಎಸ್.ಎಸ್.ಎಲ್.ಸಿ.ಯಲ್ಲಿ ಶೇಕಡ ನೂರು ಫಲಿತಾಂಶ."

ಕೋಣೆಯಲ್ಲಿ ಖಾಲಿ ಕುರ್ಚಿ ಮೂರಿದ್ದವು. ಹೆಡ್‌ಮಾಸ್ಟರು ಮೇಡಂಗೆ ಕೈ ತೋರಿಸಿ ಕೂರಿಸಿದರು. ಹೂವಮ್ಮ ನಿಂತೇ ಇದ್ದಳು.

"ನಾನೂ ಕೂತ್ಕೋಬೇಕು ಸಾರ್."

"ಅಯ್ಯೋ, ಧಾರಾಳವಾಗಿ. ಸೌಮ್ಯ ಅವರೇ, ಹೊರಗಿಂದ ಆ ಸ್ಟೂಲ್ ತಂದುಕೊಡಿ."

ನೀರಿನ ಡ್ರಮ್ಮಿನ ಪಕ್ಕದ ಸ್ಟೂಲು ಬಂತು. ಒದ್ದೆ ಇತ್ತು. ಹೂವಮ್ಮ ಅದನ್ನು ನೋಡಿದಳು.

"ಕುರ್ಚಿ ಇಲ್ಲೇ ಐತಲ್ಲ ಸಾರ್" ಎಂದು ಎಳೆದು ಕೂತಳು.

ಹೆಡ್‌ಮಾಸ್ಟರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು.

"ನೋಡಿ ಹೂವಮ್ಮ. ನಾವೂ ಮನುಷ್ಯರೇ. ನಮಗೂ ಹೆಣ್ಣುಮಕ್ಕಳಿದ್ದಾರೆ."

ಹೂವಮ್ಮನಿಗೆ ನಗು ಉಕ್ಕಿ ಬಂತು. ತಡೆದಳು. ತಡೆದದ್ದೇ ಕಣ್ಣಲ್ಲಿ ನೀರಾಯಿತು. ಅವರು ಅದನ್ನು ಬೇರೆ ತಿಳಿದು ನೀರಿನ ಲೋಟ ಮುಂದೆ ತಳ್ಳಿದರು. ಸ್ಟೀಲ್ ಲೋಟಗಳ ಸಾಲಿನಲ್ಲಿ ಅದೊಂದೇ ಕಾಗದದ ಲೋಟ.

"ಕಾಗದ ಓದಿ ಹೇಳಿ ಸಾರ್."

ಅವರು ಫೈಲಿನಿಂದ ತೆಗೆದು ಓದಿದರು. "ನನ್ನ ಮಗಳು ಕುಮಾರಿ ಸಿಂಚನ ಕೆ. ಇವಳಿಗೆ ಓದಿನಲ್ಲಿ ಆಸಕ್ತಿ ಇಲ್ಲದಿರುವುದರಿಂದಲೂ ನಮ್ಮ ಮನೆಯ ಪರಿಸ್ಥಿತಿಯಿಂದಲೂ ನನ್ನ ಸ್ವ ಇಚ್ಛೆಯಿಂದ ಶಾಲೆಯಿಂದ ಬಿಡಿಸಿಕೊಳ್ಳುತ್ತಿದ್ದು, ವರ್ಗಾವಣೆ ಪತ್ರ ನೀಡಬೇಕಾಗಿ ವಿನಂತಿ."

ಕೆಳಗೆ ನೀಲಿ ಬೆರಳು. ಅದರ ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ. ಹನ್ನೊಂದು ವರ್ಷದ ಹಿಂದೆ ಚಿಗುರು ಕಸಿ ಮಾಡುವಾಗ ಕತ್ತಿ ತಾಗಿದ ಗಾಯ. ತನ್ನದೇ ಬೆರಳು.

"ಸ್ವ ಇಚ್ಛೆ ಅಂದ್ರೆ ಎಂತ ಸಾರ್?"

"ನಿಮ್ಮ ಇಷ್ಟದಿಂದ ಅಂತ."

"ನನ್ನ ಇಷ್ಟ ಎಂತ ಅಂತ ಕೇಳಿದ್ದು ಯಾರು?"

ಬಾಗಿಲ ಹತ್ತಿರ ನಿಂತಿದ್ದ ಸೌಮ್ಯ ಟೀಚರ್ ನೆಲ ನೋಡಿದರು. ಕಾಗದದ ಅಕ್ಷರ ಅವರದು.

ಹೆಡ್‌ಮಾಸ್ಟರು ಸಿಟ್ಟಾಗಲಿಲ್ಲ. ಲೆಕ್ಕ ಹೇಳಿದರು. ತರಗತಿಯಲ್ಲಿ ಮೂವತ್ತೊಂದು ಮಕ್ಕಳು. ಒಬ್ಬಳು ಫೇಲಾದರೆ ತೊಂಬತ್ತಾರು ಪಾಯಿಂಟ್ ಏಳು ಏಳು. ಆರು ವರ್ಷದ ನೂರು ಹೋಗುತ್ತದೆ. ಪಕ್ಕದ ಊರಿಗೆ ಇಂಗ್ಲಿಷ್ ಶಾಲೆಯ ಬಸ್ ಬಂದಿದೆ, ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಮಕ್ಕಳು ಕಡಿಮೆಯಾದರೆ ಅನುದಾನ ಹೋಗುತ್ತದೆ. "ನಿಮ್ಮ ಲೈನಿನ ಮಕ್ಕಳೇ ಹದಿನಾಲ್ಕು ಜನ ಇಲ್ಲಿ ಓದ್ತಿದ್ದಾರೆ. ಈ ಶಾಲೆ ಮುಚ್ಚಿದರೆ ಅವರು ಎಲ್ಲಿಗೆ ಹೋಗಬೇಕು? ನೀವೇ ಹೇಳಿ."

"ಅವಳಿಗೆ ಬರೆಯೋರನ್ನ ಕೊಟ್ರೆ ಪಾಸಾಗ್ತಾಳೆ ಸರ್" ಅಂದರು ರೇವತಿ ಮೇಡಂ.

"ಸರ್ಟಿಫಿಕೇಟ್ ಇದೆಯೇ?"

"ಮಾಡಿಸ್ತೀವಿ."

"ಮಾಡಿಸಿಕೊಂಡು ಬನ್ನಿ. ನಾನೇನು ಬೇಡ ಅನ್ನಲ್ಲ."

"ಅದನ್ನ ಬರೆದು ಕೊಡಿ ಸಾರ್" ಅಂದಳು ಹೂವಮ್ಮ.

ಅವರು ನಕ್ಕರು. "ಇಷ್ಟೆಲ್ಲ ಕಲಿತುಬಿಟ್ಟಿದ್ದೀರಲ್ಲ. ಮಗಳಿಗೂ ಹೀಗೇ ಕಲಿಸಿದ್ದರೆ ಆಗ್ತಿತ್ತು."

ಬರೆದು ಕೊಡಲಿಲ್ಲ.

ಅವತ್ತು ಸಂಜೆಯೇ ಲೈನಿಗೆ ಸುದ್ದಿ ತಲುಪಿತ್ತು. ಹದಿನಾಲ್ಕು ಮಕ್ಕಳ ಲೆಕ್ಕವೂ ತಲುಪಿತ್ತು. ನಲ್ಲಿಯ ಹತ್ತಿರ ಕೊಡ ಇಟ್ಟಿದ್ದ ಪಕ್ಕದ ಮನೆಯವಳು, ಮೂರು ಭಾನುವಾರ ಬಿದ್ದು ಬಿದ್ದು ನಕ್ಕವಳು, ಹೂವಮ್ಮನಿಗೆ ಜಾಗ ಬಿಡಲಿಲ್ಲ.

"ನಿನ್ನೊಬ್ಬಳ ಮಗಳಿಗೋಸ್ಕರ ನಮ್ಮ ಮಕ್ಕಳ ಸ್ಕೂಲಿಗೆ ಬೀಗ ಹಾಕಿಸ್ಬೇಡ ಮಾರಾಯ್ತಿ."

ಹೂವಮ್ಮ ಖಾಲಿ ಕೊಡ ಎತ್ತಿಕೊಂಡು ಹಿಂದಕ್ಕೆ ಸರಿದಳು. ಇದಕ್ಕೆ ಮೇಡಂ ಅಭ್ಯಾಸ ಮಾಡಿಸಿರಲಿಲ್ಲ.

ಸರ್ಟಿಫಿಕೇಟಿಗೆ ಪಟ್ಟಣದ ಆಸ್ಪತ್ರೆಗೆ ಹೋಗಬೇಕು. ಬಸ್ಸಿನಲ್ಲಿ ಹೋಗುವುದಕ್ಕೆ ಎರಡೂವರೆ ಗಂಟೆ. ಘಟ್ಟದ ತಿರುವಿನಲ್ಲಿ ಸಿಂಚನ ಎರಡು ಸಲ ವಾಂತಿ ಮಾಡಿದಳು. ಮೊದಲ ಸಲ ಹೋದಾಗ ಆ ಪರೀಕ್ಷೆ ಮಾಡುವವರು ಇರಲಿಲ್ಲ. ತಿಂಗಳಿಗೆ ಒಂದೇ ದಿನ ಬರುತ್ತಾರೆ, ಆ ದಿನ ನಿನ್ನೆ ಆಗಿಹೋಯಿತು ಎಂದರು. ಹೊರಗೆ ಸಾಲಿನಲ್ಲಿ ಕುಂಟುವವರು, ಕುರುಡರು, ಗಾಲಿಕುರ್ಚಿಯವರು. ಚೀಟಿ ಬರೆಯುವವನು ಸಿಂಚನಳನ್ನು ಮೇಲಿನಿಂದ ಕೆಳಗೆ ನೋಡಿದ.

"ಕೈಕಾಲೆಲ್ಲ ಸರಿ ಇದೆಯಲ್ಲಮ್ಮ. ಎಂತಕ್ಕೆ ಬಂದ್ರಿ?"

"ಓದಕ್ಕೆ ಬರಲ್ಲ" ಅಂದಳು ಹೂವಮ್ಮ.

"ನಂಗೂ ಬರ್ತಿರ್ಲಿಲ್ಲ" ಎಂದು ಅವನು ಮುಂದಿನವರನ್ನು ಕರೆದ. ಸಾಲು ನಕ್ಕಿತು. ಗಾಲಿಕುರ್ಚಿಯವನೂ ನಕ್ಕ.

ಎರಡನೇ ಸಲ, ಮಾರ್ಚ್ ಇಪ್ಪತ್ತಾರರಂದು, ಆ ವೈದ್ಯೆ ಸಿಕ್ಕರು. ಒಳ್ಳೆಯವರು. ಸಿಂಚನಳ ಜೊತೆ ನಲವತ್ತು ನಿಮಿಷ ಕೂತರು. ಕತೆ ಹೇಳಿಸಿದರು, ಚಿತ್ರ ಜೋಡಿಸಲು ಹೇಳಿದರು, ಓದಿಸಿದರು. ಅನುಮಾನವೇ ಇಲ್ಲ ಎಂದರು. ಆಮೇಲೆ ಒಂದು ಫಾರಂ ಕೊಟ್ಟರು. ಮೂರನೇ ಪುಟದಲ್ಲಿ ಶಾಲೆಯ ಮುಖ್ಯಸ್ಥರ ವರದಿ ಬೇಕು. ಮಗು ತರಗತಿಯಲ್ಲಿ ಹೇಗೆ ಓದುತ್ತದೆ, ಎಷ್ಟು ವರ್ಷದಿಂದ ಈ ತೊಂದರೆ ಇದೆ ಎಂದು ಬರೆದು ಮೊಹರು ಒತ್ತಿಸಿಕೊಂಡು ಬರಬೇಕು. ಅದಿಲ್ಲದೆ ಮುಂದೆ ಕಳಿಸಲು ಬರುವುದಿಲ್ಲ.

ಹೂವಮ್ಮ ಆ ಫಾರಮನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಳು. ಮರುದಿನ ಮೇಡಂ ಅದನ್ನು ಶಾಲೆಗೆ ಒಯ್ದರು. ಹೆಡ್‌ಮಾಸ್ಟರು ಮೂರನೇ ಪುಟ ತೆಗೆದು ಪೂರ್ತಿ ಓದಿದರು.

"ನಮ್ಮ ವಿದ್ಯಾರ್ಥಿಗಳ ಬಗ್ಗೆಯಾದರೆ ಬರೆದುಕೊಡಬಹುದು. ಈ ಮಗು ಜನವರಿ ಹದಿನೆಂಟರಿಂದ ನಮ್ಮ ವಿದ್ಯಾರ್ಥಿನಿ ಅಲ್ಲ. ನಾನು ಸುಳ್ಳು ದಾಖಲೆ ಕೊಡಲಾರೆ."

ಸರ್ಟಿಫಿಕೇಟ್ ತಂದರೆ ಶಾಲೆಗೆ ಸೇರಿಸುತ್ತಾರೆ. ಶಾಲೆಯಲ್ಲಿದ್ದರೆ ಸರ್ಟಿಫಿಕೇಟ್ ಕೊಡುತ್ತಾರೆ. ನಡುವೆ ಒಂದು ಹೆಬ್ಬೆರಳು.

ಮೇಡಂ ಮೇಲಿನ ಕಚೇರಿಗೆ ದೂರು ಬರೆದರು. ಈ ಸಲ ಒಂದೊಂದು ಸಾಲನ್ನೂ ಓದಿ ಹೇಳಿ, ಹೂವಮ್ಮ "ಹೌದು" ಅಂದ ಮೇಲೆ ಬೆರಳು ಒತ್ತಿಸಿದರು. ದೂರು ಸ್ವೀಕರಿಸಿದ್ದಕ್ಕೆ ಸೀಲು ಬಿತ್ತು. ಅದಕ್ಕೊಂದು ನಂಬರೂ ಸಿಕ್ಕಿತು. ಮೂರು ದಿನದ ನಂತರ ಮಾರ್ಚ್ ಮೂವತ್ತೊಂದು ಬಂತು. ಮೇಡಂ ಅವರ ಗುತ್ತಿಗೆ ಮುಗಿಯಿತು. ಏಪ್ರಿಲ್‌ನಲ್ಲಿ ಉಳಿದವರಿಗೆ ಹೊಸ ಆದೇಶ ಬಂತು, ಅವರಿಗೆ ಬರಲಿಲ್ಲ. ಯಾಕೆ ಎಂದು ಯಾವ ಕಾಗದದಲ್ಲೂ ಇಲ್ಲ. ಅವರು ತವರಿನ ಕಡೆ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಭಾನುವಾರ ಫೋನ್ ಮಾಡುತ್ತಿದ್ದರು. ಮೇ ತಿಂಗಳಲ್ಲಿ ಅವರೇ ದೂರಿನ ನಂಬರು ಹಿಡಿದು ವಿಚಾರಿಸಿದಾಗ ಉತ್ತರ ಸಿಕ್ಕಿತು: ಸೂಕ್ತ ಕ್ರಮಕ್ಕಾಗಿ ದೂರನ್ನು ಸಂಬಂಧಪಟ್ಟ ಮುಖ್ಯೋಪಾಧ್ಯಾಯರಿಗೆ ಕಳಿಸಲಾಗಿದೆ.

"ಅಂದ್ರೆ ಅದೇ ಹೆಡ್‌ಮಾಸ್ಟ್ರಿಗಾ?" ಕೆಂಚಯ್ಯ ಕೇಳಿದ.

"ಹೂಂ."

"ಟಿ.ಸಿ. ತಗೊಂಡು ಬೇರೆ ಕಡೆ ಸೇರಿಸು. ಸಾಕು ಇದು."

ಬೇರೆ ಕಡೆ ಎಂದರೆ ಹದಿನೇಳು ಕಿಲೋಮೀಟರ್. ವಾಪಸು ಬರುವ ಕೊನೆಯ ಬಸ್ಸು ಮೂರೂವರೆಗೆ, ಶಾಲೆ ಬಿಡುವುದು ನಾಲ್ಕೂವರೆಗೆ. ಅದು ಕೆಂಚಯ್ಯನಿಗೂ ಗೊತ್ತಿತ್ತು. ಗೊತ್ತಿದ್ದೂ ಹೇಳಿದ. ಬುಟ್ಟಿಯ ಬಿದಿರು ಸೀಳುವಾಗ ಬೆರಳು ಕುಯ್ದುಕೊಂಡು ಮಗಳನ್ನೇ ಬೈದ.

ಟಿ.ಸಿ. ಅಂಚೆಯಲ್ಲಿ ಬಂತು. ರಿಜಿಸ್ಟರ್ಡ್ ಲಕೋಟೆ. ಅಂಚೆಯವನು ಪ್ಯಾಡು ತೆಗೆದ. ಹೂವಮ್ಮ ಕೈ ಬೆನ್ನ ಹಿಂದೆ ಇಟ್ಟುಕೊಂಡಳು.

"ತಗೊಂಡಿದ್ದಕ್ಕೆ ಗುರುತು ಅಷ್ಟೇ ಕಣಮ್ಮ."

"ನಾನು ತಗಳಲ್ಲ. ವಾಪಸು ಕಳ್ಸಿ."

ಜೂನ್ ಮೊದಲ ಸೋಮವಾರ ಅವಳು ಸಿಂಚನಳಿಗೆ ಯೂನಿಫಾರಂ ಹಾಕಿಸಿ ಕರೆದುಕೊಂಡು ಹೋದಳು. ಲಂಗದ ಅಂಚು ಬಿಚ್ಚಿ ಉದ್ದ ಮಾಡಿದ್ದಳು, ಹಳೇ ಮಡಿಕೆಯ ಗೆರೆ ಕಾಣುತ್ತಿತ್ತು. ಮಳೆ ಶುರುವಾಗಿತ್ತು. ಗೇಟು ತೆರೆದಿತ್ತು. ಬ್ಯಾನರು ಹೊಸದು, ಏಳನೇ ವರ್ಷದ್ದು. ಇಬ್ಬರೂ ಹತ್ತನೇ ತರಗತಿಯ ಜಗಲಿಯಲ್ಲಿ ನಿಂತರು. ಒಳಗೆ ಸೌಮ್ಯ ಟೀಚರ್ ಹಾಜರಿ ಶುರು ಮಾಡಿದರು. ಸಿಂಚನ ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಹದಿನಾರು."

"ಹಾಜರ್ ಮಿಸ್."

"ಹದಿನೇಳು."

"ಹಾಜರ್ ಮಿಸ್."

ಸಿಂಚನ ಬಾಯಿ ತೆರೆದಳು.

"ಹದಿನೆಂಟು" ಅಂದರು ಟೀಚರ್.

"ಹಾಜರ್ ಮಿಸ್" ಎಂದು ಒಳಗಿನಿಂದ ಒಬ್ಬ ಹುಡುಗಿ ಹೇಳಿದಳು.

ನಂಬರುಗಳನ್ನು ಹೊಸದಾಗಿ ಹಾಕಿದ್ದರು. ನಡುವೆ ಜಾಗ ಉಳಿದಿರಲಿಲ್ಲ. ಒಟ್ಟು ಮೂವತ್ತು.

ಸಿಂಚನ ಬಾಯಿ ಮುಚ್ಚಿದಳು. ಆ ದನಿ ಅವಳಿಗೆ ಗೊತ್ತಿತ್ತು, ಹೋದ ವರ್ಷದ ಹತ್ತೊಂಬತ್ತನೇ ನಂಬರಿನವಳದು.

ಹೆಡ್‌ಮಾಸ್ಟರು ಹೊರಗೆ ಬಂದರು. ಕೈಯಲ್ಲಿ ಅಂಚೆಯಿಂದ ವಾಪಸು ಬಂದ ಅದೇ ಲಕೋಟೆ, ರಿಜಿಸ್ಟರು, ಪ್ಯಾಡು. ಮೂರನ್ನೂ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು.

"ಹೇಗೂ ಬಂದಿದ್ದೀರಲ್ಲ ಹೂವಮ್ಮ. ಇಲ್ಲೊಂದು ಒತ್ತಿಬಿಡಿ, ಇಬ್ಬರಿಗೂ ನೆಮ್ಮದಿ."

"ನಾನು ಬಂದಿಲ್ಲ ಸಾರ್."

"ಏನು?"

"ಬಂದಿದ್ದಕ್ಕೆ ಅಂತ ಒಂದ್ಸಲ ಒತ್ತಿ ಮಗಳ ಬಾಯಿಗೆ ಮಣ್ಣು ಹಾಕಿದೀನಿ. ಈಗ ನಾನು ಬಂದೇ ಇಲ್ಲ. ಆ ಲಕೋಟೆ ನಿಮ್ಮ ಹತ್ರಾನೇ ಇರಲಿ. ನಿಮ್ಮ ಕಪಾಟಲ್ಲೇ ಇರಲಿ. ಯಾರಾದ್ರೂ ಬಂದು ಕೇಳಿದ್ರೆ, ತಾಯಿ ತಗೊಳ್ಳಿಲ್ಲ ಅಂತ ನೀವೇ ಹೇಳಬೇಕು. ನನ್ನ ಬೆರಳು ಕಡಿದು ಒತ್ಕಳ್ಳಿ, ಕೊಡಲ್ಲ."

ಹೆಡ್‌ಮಾಸ್ಟರ ದನಿ ಆಗಲೂ ಏರಲಿಲ್ಲ.

"ನಿಮ್ಮ ಹಟದಿಂದ ಮಗುವಿನ ಭವಿಷ್ಯ ಹಾಳಾಗ್ತಿದೆ. ಅದು ನಿಮಗೆ ಅರ್ಥ ಆಗಲ್ಲ."

ಅವರು ಲಕೋಟೆ ತೆಗೆದುಕೊಂಡು ಒಳಗೆ ಹೋದರು. ಪ್ಯಾಡಿನ ಮುಚ್ಚಳ ತೆರೆದೇ ಇತ್ತು. ಮಳೆಯ ಹನಿ ಬಿದ್ದು ಶಾಯಿ ಕಟ್ಟೆಯ ಮೇಲೆ ಹರಿಯಿತು. ಸಿಂಚನ ಬಗ್ಗಿ ಮುಚ್ಚಳ ಹಾಕಿದಳು. ಅಂಗಳ ಗುಡಿಸುತ್ತಿದ್ದವಳ ಅಭ್ಯಾಸ.

ಆ ಲಕೋಟೆ ಈಗಲೂ ಶಾಲೆಯ ಕಪಾಟಿನಲ್ಲಿದೆ. ಅದನ್ನು ಕೇಳಿಕೊಂಡು ಇದುವರೆಗೆ ಯಾರೂ ಬಂದಿಲ್ಲ.

ಜೂನ್ ಮೂರನೇ ವಾರ ಸಿಂಚನ ತಾಯಿಯ ಜೊತೆ ಎಸ್ಟೇಟಿಗೆ ಹೋದಳು. ಕಳೆ ತೆಗೆಯುವ ಕೆಲಸ. ತಲೆಗೆ ಮಳೆ ತಡೆಯುವ ಪ್ಲಾಸ್ಟಿಕ್ ಕೊಪ್ಪೆ, ಕೈಯಲ್ಲಿ ಕತ್ತಿ. ಬೆಳಗ್ಗೆ ಏಳೂವರೆಗೆ ಸ್ಟೋರಿನ ಮುಂದೆ ಆಳುಗಳೆಲ್ಲ ನಿಂತಿದ್ದರು. ರೈಟರು ಕಲ್ಲೇಶ್ ಚೆಕ್‌ರೋಲಿನಲ್ಲಿ ಖಾಲಿ ಉಳಿದಿದ್ದ ಒಂದು ಸಾಲು ತುಂಬಿಸಿ ಪ್ಯಾಡನ್ನು ಸಿಂಚನಳ ಕಡೆ ತಳ್ಳಿದ.

"ಹದಿನಾಲ್ಕು ತುಂಬಿದೆ ಅಲ್ವಾ? ಹಂಗಾದ್ರೆ ತೊಂದ್ರೆ ಇಲ್ಲ, ಕಾನೂನಲ್ಲಿದೆ. ಒತ್ತು."

ಸಿಂಚನಳ ಬೆರಳು ತಾನಾಗಿ ಮುಂದೆ ಹೋಯಿತು. ಹೂವಮ್ಮ ಅವಳ ಮಣಿಕಟ್ಟು ಹಿಡಿದಳು.

"ಎಂತ ಬರ್ದಿದೀರಿ ರೈಟ್ರೇ? ಓದಿ ಹೇಳಿ."

"ಎಂತ ಹೂವಮ್ಮ ಬೆಳಬೆಳಗ್ಗೆ? ಮಳೆ ಬರ್ತಿದೆ. ಎಲ್ಲ ನಿಂತಿದಾರೆ."

"ಓದಿ."

"ಹೂವಮ್ಮ ಮಂತ್ರಿ ಆಗಿದಾಳೆ ಕಣ್ರೋ" ಎಂದು ಹಿಂದಿನಿಂದ ಯಾರೋ ಅಂದರು. ಅವಳು ಕೈ ಬಿಡಲಿಲ್ಲ. ಕಲ್ಲೇಶ್ ಮೇಸ್ತ್ರಿಯ ಮುಖ ನೋಡಿದ, ಗಡಿಯಾರ ನೋಡಿದ, ಕೊನೆಗೆ ಪುಸ್ತಕ ಎತ್ತಿ ಓದಿದ.

"ನಂಬರ್ ನಲವತ್ತೊಂದು. ಸಿಂಚನ. ತಂದೆ ಕೆಂಚಯ್ಯ. ಹೆಣ್ಣಾಳು. ಕಳೆ ಕೆಲಸ. ಸಾಕಾ?"

ಹೂವಮ್ಮ ಮಗಳ ಕೈ ಬಿಟ್ಟಳು. ಸಿಂಚನ ಒತ್ತಿದಳು. ಬೆರಳು ನುಣುಪಾಗಿತ್ತು, ಗುರುತು ಒಂದು ಗಾಯದ ಗೆರೆಯೂ ಇಲ್ಲದೆ ಸ್ವಚ್ಛವಾಗಿ ಮೂಡಿತು.

ಕಲ್ಲೇಶ್ ಪುಸ್ತಕದ ನಂಬರುಗಳನ್ನು ಮೊದಲಿನಿಂದ ಕರೆಯತೊಡಗಿದ. ಆಳುಗಳು "ಹೂಂ" ಎಂದರು, ಕೆಲವರು ಕೈ ಎತ್ತಿದರು. ಮೂವತ್ತೊಂಬತ್ತು. ಹೂಂ. ನಲವತ್ತು. ಹೂಂ.

"ನಲವತ್ತೊಂದು."

ಸಿಂಚನ ಕತ್ತಿಯನ್ನು ಪಕ್ಕಕ್ಕೆ ಇಳಿಸಿ ನೆಟ್ಟಗೆ ನಿಂತಳು.

"ಹಾಜರ್ ಮಿಸ್."

ಆಳುಗಳೆಲ್ಲ ನಕ್ಕರು. ಮೇಸ್ತ್ರಿ ನಕ್ಕ. ಅಣಕ ಮಾಡುತ್ತಿದ್ದಾಳೆ ಎಂದುಕೊಂಡು ಕಲ್ಲೇಶನೂ ನಕ್ಕ. ಹೂವಮ್ಮ ಮಗಳ ಮುಖ ನೋಡಿದಳು. ಅದು ಅಣಕ ಆಗಿರಲಿಲ್ಲ.

"ನಲವತ್ತೆರಡು" ಅಂದ ಕಲ್ಲೇಶ್.